ಮಣ್ಣಿನಲ್ಲಿ ಮದ್ದು ಹುಡುಕಿದ ಎಲಿಜಬೆತ್ ಹೇಜನ್

ಹೋದ ತಿಂಗಳು ನಮ್ಮ ಪುಟ್ಟ ತಮ್ಮನ ನಾಲಿಗೆ ಮೇಲೆ ಮೊಸರು ಮೆತ್ತಿದ ಹಾಗೆ ಬೆಳ್ಳಗಾಗಿತ್ತು. ಹಾಲು ಕುಡಿಯಲಿಲ್ಲ, ರಾತ್ರಿಯೆಲ್ಲಾ ಅಳು. ಡಾಕ್ಟರು ಇದು ಕ್ಯಾಂಡಿಡಾ ಅನ್ನೋ ಯೀಸ್ಟಿನ ಕಾಟ ಅಂತ ಹೇಳಿ ಔಷಧಿ ಕೊಟ್ಟರು, ವಾಸಿಯಾಯಿತು. ಇಂಥ ಔಷಧಿಗೆ ದಾರಿ ತೋರಿಸಿದವರು ಯಾರು ಅಂತ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದನ್ನೂ ನಾನು ಓದಿದ್ದನ್ನೂ ಸೇರಿಸಿ ಬರೆದಿದ್ದೇನೆ.

ಹೇಜನ್ ಹುಟ್ಟಿದ್ದು 1885ರಲ್ಲಿ, ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ. ಚಿಕ್ಕಂದಿನಲ್ಲೇ ತಂದೆ ತಾಯಿ ತೀರಿಕೊಂಡು ನೆಂಟರ ಮನೆಯಲ್ಲಿ ಬೆಳೆದರು. ಮೊದಲು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು. 1927ರಲ್ಲಿ, ನಲವತ್ತು ದಾಟಿದ ಮೇಲೆ ಡಾಕ್ಟರೇಟ್ ಪಡೆದರು! ಆಮೇಲೆ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಪ್ರಯೋಗಾಲಯ ಸೇರಿದರು.

ಪೆನಿಸಿಲಿನ್ ಬಂದ ಮೇಲೆ ಎಷ್ಟೋ ಬ್ಯಾಕ್ಟೀರಿಯಾ ಸತ್ತವು, ಯೀಸ್ಟ್ ಮಾತ್ರ ಜಗ್ಗಲಿಲ್ಲ. ಅದು ಬಲು ಗಟ್ಟಿ ಜೀವ. ಹೊರಗೆ ಉಪ್ಪು ಹೆಚ್ಚಾದರೆ ಉಪ್ಪಿನಕಾಯಿಯ ಮಿಡಿ ಸುಕ್ಕುವಂತೆ ಜೀವಕೋಶ ಸುಕ್ಕಬೇಕಲ್ಲ? ಅದು ಒಳಗೆ ಗ್ಲಿಸರಾಲ್ ತಯಾರಿಸಿಕೊಂಡು ನೀರು ಹಿಡಿದಿಡುತ್ತದೆ. ಬಿಸಿ ಏರಿದರೆ ಟ್ರೆಹಲೋಸ್ ಎಂಬ ಸಕ್ಕರೆ ಕೂಡಿಟ್ಟು ತನ್ನ ಪ್ರೋಟೀನು ಕೆಡದಂತೆ ಕಾಯುತ್ತದೆ. ನಮ್ಮ ಬಿಳಿ ರಕ್ತಕಣಗಳು ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟರೆ ಕೆಟಲೇಸ್ ಎಂಬ ಕಿಣ್ವದಿಂದ ಅದನ್ನು ಒಡೆದು ನೀರು, ಆಮ್ಲಜನಕ ಮಾಡಿಬಿಡುತ್ತದೆ. ಇನ್ನೊಂದು ತೊಂದರೆ ಏನಂದ್ರೆ, ಅದರ ಜೀವಕೋಶ ಹೆಚ್ಚುಕಮ್ಮಿ ನಮ್ಮದರ ಹಾಗೇ ಇದೆ. ಅದಕ್ಕೆ ವಿಷವಾದದ್ದು ಸಾಮಾನ್ಯವಾಗಿ ನಮಗೂ ವಿಷ.

ಹೇಜನ್ ಊರೂರಿನ ಮಣ್ಣು ತರಿಸಿ, ಅದರಲ್ಲಿದ್ದ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಯಾವುದು ಯೀಸ್ಟನ್ನು ಕೊಲ್ಲುತ್ತದೆ ಅಂತ ನೋಡುತ್ತಿದ್ದರು. ಕೊಂದದ್ದನ್ನು ಗಾಜಿನ ಜಾಡಿಯಲ್ಲಿ ಹಾಕಿ ಆಲ್ಬನಿ ಊರಿನ ರಸಾಯನ ವಿಜ್ಞಾನಿ ರೇಚಲ್ ಬ್ರೌನ್ ಅವರಿಗೆ ಅಂಚೆಯಲ್ಲಿ ಕಳಿಸುವುದು. ಬ್ರೌನ್ ಅದರ ಸಾರ ತೆಗೆದು ಅಂಚೆಯಲ್ಲೇ ವಾಪಸ್ ಕಳಿಸುವುದು. ಎಷ್ಟು ಸಲವೋ! ಯೀಸ್ಟನ್ನು ಕೊಂದದ್ದು ಪ್ರಯೋಗದ ಪ್ರಾಣಿಗಳನ್ನೂ ಕೊಲ್ಲುತ್ತಿತ್ತು. ನಾನಾಗಿದ್ದರೆ ಬಿಟ್ಟುಬಿಡುತ್ತಿದ್ದೆ.

ಕೊನೆಗೆ 1948ರಲ್ಲಿ ವರ್ಜೀನಿಯಾದ ಒಂದು ಹೈನಿನ ತೋಟದ ಮಣ್ಣು ಕೈ ಹಿಡಿಯಿತು. 1950ರಲ್ಲಿ ಔಷಧಿಯ ಸುದ್ದಿ ಹೊರಬಿತ್ತು. ನ್ಯೂಯಾರ್ಕ್ ಸ್ಟೇಟ್ ಎಂಬುದರಿಂದಲೇ ನಿಸ್ಟಾಟಿನ್ ಎಂದು ಹೆಸರಿಟ್ಟರು. ಯೀಸ್ಟಿನ ಪೊರೆಯಲ್ಲಿ ಎರ್ಗೋಸ್ಟೆರಾಲ್ ಇರುತ್ತದೆ, ನಮ್ಮದರಲ್ಲಿ ಕೊಲೆಸ್ಟೆರಾಲ್. ನಿಸ್ಟಾಟಿನ್ ಮೊದಲನೆಯದನ್ನೇ ಹೆಚ್ಚಾಗಿ ಹಿಡಿದು ಪೊರೆಗೆ ತೂತು ಮಾಡುತ್ತದೆ. ಒಳಗಿನ ಪೊಟ್ಯಾಸಿಯಂ ಸೋರಿ ಹೋಗಿ ಯೀಸ್ಟ್ ಸಾಯುತ್ತದೆ.

ಅದರಿಂದ ಬಂದ 1 ಕೋಟಿ 30 ಲಕ್ಷ ಡಾಲರಿಗೂ ಹೆಚ್ಚಿನ ರಾಯಧನವನ್ನು ಇಬ್ಬರೂ ಸಂಶೋಧನೆಗೇ ಬಿಟ್ಟುಕೊಟ್ಟರು. ಹೇಜನ್ 1975ರಲ್ಲಿ ತೀರಿಕೊಂಡರು. 1966ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ನೆರೆ ಬಂದು ಹಳೇ ಚಿತ್ರಗಳಿಗೆ ಬೂಷ್ಟು ಹಿಡಿದಾಗಲೂ ಅವರ ಔಷಧಿಯನ್ನು ಬಳಸಿದರಂತೆ.