ಫ್ರೆಡ್ರಿಕ್ ಮೀಷರ್

ರೈನ್ ನದಿಯ ದಡದಲ್ಲಿರುವ ಬಾಸೆಲ್ ನಗರವು ಸ್ವಿಟ್ಜರ್ಲೆಂಡಿನ ಪ್ರಾಚೀನ ವಿದ್ಯಾಕೇಂದ್ರ. ಅಲ್ಲಿ 1844ರ ಆಗಸ್ಟ್ 13ರಂದು ಫ್ರೆಡ್ರಿಕ್ ಮೀಷರನು ಜನಿಸಿದನು. ಅವನ ತಂದೆಯೂ ಸೋದರಮಾವನೂ ವೈದ್ಯಶಾಸ್ತ್ರದ ಪ್ರಾಧ್ಯಾಪಕರು. ಮೀಷರನೂ 1868ರಲ್ಲಿ ವೈದ್ಯ ಪದವಿಯನ್ನು ಪಡೆದನು. ಆದರೆ ಅವನ ಕಿವಿ ಮಂದವಾಗಿತ್ತು. ರೋಗಿಯ ಎದೆಬಡಿತವನ್ನು ಆಲಿಸಲಾರದವನು ವೈದ್ಯವೃತ್ತಿಯನ್ನು ನಡೆಸುವುದೆಂತು? ಮೀಷರನು ಧೃತಿಗೆಡದೆ ರಸಾಯನಶಾಸ್ತ್ರದತ್ತ ತಿರುಗಿದನು.

ಜರ್ಮನಿಯ ಟ್ಯೂಬಿಂಗೆನ್ನಿನ ಹಳೆಯ ಕೋಟೆಯಲ್ಲಿ ಹೋಪೆ-ಸೈಲರ್ ಎಂಬ ವಿದ್ವಾಂಸನ ಪ್ರಯೋಗಶಾಲೆಯಿತ್ತು. ಮೀಷರನು ಅಲ್ಲಿಗೆ ಹೋಗಿ, ಆಸ್ಪತ್ರೆಯವರು ಬಿಸಾಡುತ್ತಿದ್ದ ಕೀವಿನ ಪಟ್ಟಿಗಳನ್ನು ತರಿಸಿ ತೊಳೆದು, ಬಿಳಿಯ ರಕ್ತಕಣಗಳ ಕೋಶಕೇಂದ್ರಗಳನ್ನು ಬೇರ್ಪಡಿಸಿದನು. 1869ರಲ್ಲಿ ಅವುಗಳೊಳಗೆ ರಂಜಕವುಳ್ಳ ಹೊಸ ವಸ್ತುವೊಂದು ದೊರೆಯಿತು. ಅದಕ್ಕೆ ನ್ಯೂಕ್ಲಿಯಿನ್ ಎಂದು ಹೆಸರಿಟ್ಟನು. ಗುರುವಾದರೋ ತಾನೇ ಪ್ರಯೋಗ ಮಾಡಿ ನೋಡುವವರೆಗೆ ಅದನ್ನು ನಂಬಲಿಲ್ಲ. ಹೀಗಾಗಿ ಆ ಶೋಧ ಪ್ರಕಟವಾದುದು 1871ರಲ್ಲಿ.

1872ರಲ್ಲಿ ಮೀಷರನು ಬಾಸೆಲ್‌ನಲ್ಲಿ ಪ್ರಾಧ್ಯಾಪಕನಾದನು. ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಸಮುದ್ರದಿಂದ ರೈನ್ ನದಿಯನ್ನೇರಿ ಬರುತ್ತಿದ್ದವು. ಅವುಗಳ ವೀರ್ಯಾಣುವಿನ ತಲೆಯೆಂದರೆ ಬಹುಪಾಲು ಕೋಶಕೇಂದ್ರವೇ. ಉಷ್ಣಕ್ಕೆ ಆ ವಸ್ತು ಕೆಡುತ್ತಿದ್ದುದರಿಂದ ಮೀಷರನು ಕೊರೆಯುವ ಚಳಿಯಲ್ಲಿ, ಕಿಟಕಿಗಳನ್ನು ತೆರೆದಿಟ್ಟು, ನಸುಕಿನಿಂದಲೇ ದುಡಿಯುತ್ತಿದ್ದನು. 1874ರಲ್ಲಿ ನ್ಯೂಕ್ಲಿಯಿನ್ನಿನೊಡನೆ ಬೆಸೆದಿದ್ದ ಪ್ರತ್ಯಾಮ್ಲೀಯ ವಸ್ತುವೊಂದನ್ನು ಅವನು ಬೇರ್ಪಡಿಸಿದನು. ಅದೇ ಪ್ರೋಟಮೀನ್.

ಹುಂಜದ ವೀರ್ಯಾಣುವಿನಲ್ಲಿಯೂ ಪ್ರೋಟಮೀನ್ ಉಂಟು. ಅದನ್ನು ಗ್ಯಾಲೀನ್ ಎನ್ನುವರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿಜ್ಞಾನಿಗಳು ಅದರ ಅಮೈನೋ ಆಮ್ಲಗಳ ಸರಣಿಯನ್ನು ಓದಿದರು. ಆ ಸರಣಿಯ ಆರಂಭವು ಸಸ್ತನಿಗಳ ಪ್ರೋಟಮೀನನ್ನು ಹೋಲುವುದು ಕಂಡುಬಂದಿತು. ಹಕ್ಕಿಗಳಿಗೂ ಸಸ್ತನಿಗಳಿಗೂ ಬಹು ಪ್ರಾಚೀನ ಕಾಲದಲ್ಲಿ ಸಮಾನ ಪೂರ್ವಜರಿದ್ದರೆಂಬುದಕ್ಕೆ ಇದೂ ಒಂದು ಸಾಕ್ಷ್ಯ. ಪಳೆಯುಳಿಕೆಗಳು ಹೇಳುವ ಚರಿತ್ರೆಯನ್ನು ಕಣ್ಣಿಗೆ ಕಾಣದ ಈ ಪ್ರೋಟೀನ್ ಕೂಡ ಹೇಳುತ್ತದೆ.

ನ್ಯೂಕ್ಲಿಯಿನ್ ಆನುವಂಶಿಕತೆಗೆ ಕಾರಣವಿರಬಹುದೆಂಬ ಆಲೋಚನೆ ಮೀಷರನಿಗೆ ಒಮ್ಮೆ ಹೊಳೆದಿತ್ತು. ಆದರೆ ಅಷ್ಟು ಸರಳವಾದ ವಸ್ತುವಿನಿಂದ ಇಷ್ಟೊಂದು ವೈವಿಧ್ಯ ಹೇಗೆ ಮೂಡೀತೆಂದು ಅವನು ಅದನ್ನು ಕೈಬಿಟ್ಟನು. ಕ್ಷಯರೋಗಪೀಡಿತನಾದ ಮೀಷರನು 1895ರ ಆಗಸ್ಟ್ 26ರಂದು ದಾವೋಸ್‌ನಲ್ಲಿ ಕಾಲವಾದನು. ಆಗ ಅವನಿಗೆ ಐವತ್ತೊಂದು ವರ್ಷ. ಅವನ ನ್ಯೂಕ್ಲಿಯಿನ್ನೇ ಇಂದಿನ ಡಿ.ಎನ್.ಎ.; ಆನುವಂಶಿಕ ಗುಣಗಳನ್ನು ಹೊತ್ತು ತರುವ ವಸ್ತು ಅದೇ ಎಂಬುದು ಖಚಿತವಾದುದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ. ತಾನು ನೆಟ್ಟ ಮರದ ಹಣ್ಣನ್ನು ಮೀಷರನು ಸವಿಯಲಿಲ್ಲ. ಅದರ ನೆರಳಿನಲ್ಲಿ ಇಂದು ಜೀವವಿಜ್ಞಾನವೇ ನಿಂತಿದೆ.