ರಂಗಮಂಚದ ಹಂಸ – ಅನ್ನಾ ಪಾವ್ಲೊವಾ

ಅಂದು ರಷ್ಯದ ರಾಜಧಾನಿಯಾಗಿದ್ದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ, 1881ರ ಫೆಬ್ರವರಿ 12ರಂದು ಅನ್ನಾ ಪಾವ್ಲೊವಾ ಜನಿಸಿದಳು. ಆಕೆಯ ತಾಯಿ ಪರರ ಬಟ್ಟೆ ಒಗೆದು ಜೀವನ ಸಾಗಿಸುತ್ತಿದ್ದ ಬಡ ಹೆಂಗಸು. ದಿನ ತುಂಬುವ ಮೊದಲೇ ಹುಟ್ಟಿದ ಕೂಸು ಬದುಕುವುದೇ ದುಸ್ತರವೆನಿಸಿತ್ತು. ನಗರದ ಹೊರಗೆ ಲಿಗೊವೊ ಎಂಬಲ್ಲಿದ್ದ ಅಜ್ಜಿ ಅದನ್ನು ಉಣ್ಣೆಯಲ್ಲಿ ಸುತ್ತಿ, ಕಣ್ಣಲ್ಲಿ ಕಣ್ಣಿಟ್ಟು ಸಾಕಿದಳು.

ಅನ್ನಾ ಎಂಟು ವರ್ಷದವಳಾಗಿದ್ದಾಗ, ತಾಯಿ ಆಕೆಯನ್ನು ಮಾರಿನ್‌ಸ್ಕಿ ರಂಗಮಂದಿರಕ್ಕೆ ಕರೆದೊಯ್ದಳು. ಅಲ್ಲಿ ಚೈಕೋವ್‌ಸ್ಕಿಯ ಸಂಗೀತಕ್ಕೆ ಅಳವಟ್ಟ 'ನಿದ್ರಾಸುಂದರಿ' ಎಂಬ ಬ್ಯಾಲೆ ನಡೆಯುತ್ತಿತ್ತು. ಮಾತಿಲ್ಲದೆ, ಕೇವಲ ಅಂಗವಿನ್ಯಾಸ ಮತ್ತು ಸಂಗೀತಗಳಿಂದ ಕಥೆ ಹೇಳುವ ನೃತ್ಯವೇ ಬ್ಯಾಲೆ. ಅಂದೇ ಆ ಬಾಲೆಯ ಮನಸ್ಸಿನಲ್ಲಿ ತಾನೂ ನರ್ತಕಿಯಾಗಬೇಕೆಂಬ ಹಂಬಲ ಬೇರೂರಿತು. ಆದರೆ ನೃತ್ಯಶಾಲೆಯ ಬಾಗಿಲು ಒಡನೆಯೇ ತೆರೆಯಲಿಲ್ಲ. ವಯಸ್ಸು ಸಾಲದೆಂದು ಆಕೆಯನ್ನು ಹಿಂದಕ್ಕೆ ಕಳುಹಿಸಿದರು. ಪಟ್ಟು ಬಿಡದ ಹುಡುಗಿ 1891ರಲ್ಲಿ ಚಕ್ರವರ್ತಿಯ ಆಶ್ರಯದ ನೃತ್ಯಶಾಲೆಯನ್ನು ಸೇರಿದಳು.

ಅಲ್ಲಿಯೂ ಆಕೆಯ ದೇಹವೇ ಆಕೆಗೆ ಅಡ್ಡಿಯಾಯಿತು. ಸಣಕಲು ಮೈ, ದುರ್ಬಲವಾದ ಕಾಲ್ಗಿಣ್ಣು, ಅತಿಯಾಗಿ ಬಾಗಿದ ಪಾದ! ಸಹಪಾಠಿಗಳು 'ಪೊರಕೆ' ಎಂದು ಅಡ್ಡಹೆಸರಿಟ್ಟು ನಕ್ಕರು. ಆ ಕಾಲದಲ್ಲಿ ಗಟ್ಟಿಮುಟ್ಟಾದ ಇಟಲಿಯ ನರ್ತಕಿಯರು ಬುಗುರಿಯಂತೆ ಗಿರಗಿರನೆ ಸುತ್ತಿ ಜನರ ಮೆಚ್ಚುಗೆ ಗಳಿಸುತ್ತಿದ್ದರು. ಅನ್ನಾ ಅವರನ್ನು ಅನುಕರಿಸಲು ಹೆಣಗಾಡಿದಳು. ಆಗ ಗುರು ಪಾವೆಲ್ ಗೆರ್ಟ್ ಆಕೆಯನ್ನು ತಡೆದು, ಅಂತಹ ಕಸರತ್ತನ್ನು ಇತರರಿಗೆ ಬಿಡುವಂತೆಯೂ, ಸುಕುಮಾರತೆ ಹಾಗೂ ಭಾವಾಭಿನಯಗಳೇ ಆಕೆಯ ನಿಜವಾದ ಬಲವೆಂದೂ ತಿಳಿಯಹೇಳಿದನು. ಆಕೆ ಹಗಲಿರುಳು ಸಾಧನೆ ಮಾಡಿದಳು. ಬೆರಳ ತುದಿಯ ಮೇಲೆ ನಿಲ್ಲುವಾಗ ಪಾದಕ್ಕೆ ಆಸರೆಯಾಗಲೆಂದು ತನ್ನ ಪಾದರಕ್ಷೆಗೆ ಗಟ್ಟಿಯಾದ ಚರ್ಮವನ್ನು ಸೇರಿಸಿಕೊಂಡಳು. 1899ರಲ್ಲಿ ಶಿಕ್ಷಣ ಮುಗಿಸಿ ರಂಗವನ್ನೇರಿದ ಆಕೆ, 1906ರ ವೇಳೆಗೆ ಮಾರಿನ್‌ಸ್ಕಿಯ ಅಗ್ರಶ್ರೇಣಿಯ ನರ್ತಕಿಯಾದಳು.

ಆ ವೇಳೆಗೆ ರಷ್ಯದ ಬ್ಯಾಲೆಯಲ್ಲಿ ಹೊಸ ಗಾಳಿ ಬೀಸತೊಡಗಿತ್ತು. ನೃತ್ಯವು ಬರಿಯ ಚಮತ್ಕಾರವಾಗಬಾರದು. ಚಲನೆ, ಸಂಗೀತ, ಉಡುಪುಗಳೆಲ್ಲವೂ ಒಂದೇ ಭಾವವನ್ನು ಹೊಮ್ಮಿಸಬೇಕು ಎಂಬುದು ಮಿಖಾಯಿಲ್ ಫೋಕಿನ್ ಎಂಬ ತರುಣ ನೃತ್ಯಸಂಯೋಜಕನ ನಿಲುವಾಗಿತ್ತು. ಸೇಂಟ್-ಸಾನ್ಸ್ ರಚಿಸಿದ ಸಂಗೀತಕ್ಕೆ ಅವನು ಪಾವ್ಲೊವಾಳಿಗಾಗಿಯೇ 'ಸಾಯುತ್ತಿರುವ ಹಂಸ' ಎಂಬ ಕಿರುನೃತ್ಯವನ್ನು ಸಂಯೋಜಿಸಿದನು. ಅದರಲ್ಲಿ ನೆಗೆತವಿಲ್ಲ, ಬಿರುಸಾದ ಸುತ್ತುಗಳಿಲ್ಲ. ನಡುಗುವ ಪುಟ್ಟ ಹೆಜ್ಜೆಗಳಿಂದಲೂ ರೆಕ್ಕೆಯಂತೆ ಅಲುಗುವ ತೋಳುಗಳಿಂದಲೂ, ಪ್ರಾಣ ಬಿಡುವ ಹಕ್ಕಿಯ ಕೊನೆಯ ಹೋರಾಟವನ್ನು ಆಕೆ ಕಣ್ಣಿಗೆ ಕಟ್ಟುವಂತೆ ತೋರಿಸಿದಳು. ಹಿಂದೆ ದೋಷವೆನಿಸಿದ್ದ ಕೃಶ ದೇಹವೇ ಇಲ್ಲಿ ಗುಣವಾಯಿತು.

1909ರಲ್ಲಿ ಸೆರ್ಗೆ ದಿಯಾಗಿಲೆವ್ ರಷ್ಯದ ಕಲಾವಿದರನ್ನು ಪ್ಯಾರಿಸ್ಸಿಗೆ ಕರೆದೊಯ್ದನು. ಪಾವ್ಲೊವಾ, ನಿಜಿನ್‌ಸ್ಕಿ, ಕರ್ಸಾವಿನಾ ಮೊದಲಾದವರ ನೃತ್ಯವನ್ನೂ, ಬಕ್ಸ್ಟ್ ಹಾಗೂ ಬೆನ್ವಾ ಎಂಬ ಚಿತ್ರಕಾರರ ರಂಗಸಜ್ಜಿಕೆಯನ್ನೂ ಕಂಡು ಆ ನಗರ ಬೆರಗಾಯಿತು. ಆದರೆ ಪಾವ್ಲೊವಾ ಅಲ್ಲಿ ನೆಲೆ ನಿಲ್ಲಲಿಲ್ಲ. ಸ್ಟ್ರಾವಿನ್‌ಸ್ಕಿಯ ಹೊಸ ಬಗೆಯ ಸಂಗೀತ ಆಕೆಗೆ ಒಗ್ಗಲಿಲ್ಲ. 'ಬೆಂಕಿಹಕ್ಕಿ' ಬ್ಯಾಲೆಯ ಮುಖ್ಯ ಪಾತ್ರವನ್ನು ಆಕೆ ಒಲ್ಲೆನೆಂದಾಗ ಅದು ಕರ್ಸಾವಿನಾಳ ಪಾಲಾಯಿತು. ಆಕೆಯ ಅಭಿರುಚಿ ಹಳೆಯದೆಂದು ಕೆಲವರು ಟೀಕಿಸಿದರು. ದಿಯಾಗಿಲೆವ್ ಕಲೆಗೆ ಹೊಸ ರೂಪವನ್ನು ಅರಸಿದನು. ಪಾವ್ಲೊವಾ ಕಲೆಗೆ ಹೊಸ ಪ್ರೇಕ್ಷಕರನ್ನು ಅರಸಿದಳು.

1912ರಲ್ಲಿ ಲಂಡನ್ನಿನಲ್ಲಿ ಮನೆ ಕೊಂಡು, ಅಲ್ಲಿನ ಕೊಳದಲ್ಲಿ ಹಂಸಗಳನ್ನು ಸಾಕಿದಳು. ಮರುವರ್ಷ ಮಾರಿನ್‌ಸ್ಕಿಯ ಭದ್ರವಾದ ಹುದ್ದೆಯನ್ನೇ ತೊರೆದಳು. 1914ರಲ್ಲಿ ಮಹಾಯುದ್ಧ ಆರಂಭವಾದ ಮೇಲೆ ತಾಯ್ನಾಡಿಗೆ ಮರಳುವ ಯೋಗ ಆಕೆಗೆ ಒದಗಲೇ ಇಲ್ಲ. ಸ್ವಂತ ತಂಡದೊಡನೆ ಅಮೆರಿಕ, ಜಪಾನ್, ಈಜಿಪ್ಟ್, ಆಸ್ಟ್ರೇಲಿಯ ಮೊದಲಾದ ನಾಡುಗಳನ್ನು ಸುತ್ತಿದಳು. ಮೆಕ್ಸಿಕೋದಲ್ಲಿ ಗೂಳಿಕಾಳಗದ ಅಂಗಣವೇ ಆಕೆಯ ರಂಗವಾಯಿತು. ಪೆರು ದೇಶದ ಲಿಮಾದಲ್ಲಿ 1917ರಲ್ಲಿ ಆಕೆಯ ನೃತ್ಯವನ್ನು ಕಂಡ ಫ್ರೆಡರಿಕ್ ಆಷ್ಟನ್ ಎಂಬ ಬಾಲಕ, ಮುಂದೆ ಬ್ರಿಟನ್ನಿನ ಶ್ರೇಷ್ಠ ನೃತ್ಯಸಂಯೋಜಕನಾದನು. ಗಳಿಸಿದ ಹಣದಲ್ಲಿ ಒಂದು ಪಾಲನ್ನು ಆಕೆ ಪ್ಯಾರಿಸ್ ಬಳಿಯ ರಷ್ಯದ ಅನಾಥ ಮಕ್ಕಳ ಆಶ್ರಮಕ್ಕೆ ಮುಡಿಪಾಗಿಟ್ಟಳು.

1922ರಲ್ಲಿ ಆಕೆ ಭಾರತಕ್ಕೂ ಬಂದಳು. ಮರುವರ್ಷ ಲಂಡನ್ನಿನಲ್ಲಿ, ಅಲ್ಲಿ ಚಿತ್ರಕಲೆ ಕಲಿಯುತ್ತಿದ್ದ ಉದಯಶಂಕರರೊಡನೆ ಸೇರಿ ರಾಧಾಕೃಷ್ಣರ ನೃತ್ಯವನ್ನು ಪ್ರದರ್ಶಿಸಿದಳು. ಆಕೆ ರಾಧೆ, ಉದಯಶಂಕರರು ಕೃಷ್ಣ. ಮುಂದೆ ಬ್ಯಾಲೆ ಕಲಿಯಲು ಬಯಸಿದ ರುಕ್ಮಿಣೀದೇವಿಯವರಿಗೆ, ಸ್ವದೇಶದ ನೃತ್ಯದತ್ತ ಮನಸ್ಸು ತಿರುಗಿಸುವಂತೆ ಪ್ರೇರಣೆ ನೀಡಿದವಳೂ ಆಕೆಯೇ. ಅವರು 1936ರಲ್ಲಿ ಮದರಾಸಿನಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದರು.

ವಿಶ್ರಾಂತಿಯನ್ನರಿಯದ ಪ್ರವಾಸದಲ್ಲಿ ದೇಹ ಬಳಲಿತು. ಶ್ವಾಸಕೋಶದ ಪೊರೆಯ ಉರಿಯೂತಕ್ಕೆ ತುತ್ತಾಗಿ, 1931ರ ಜನವರಿ 23ರಂದು ಹಾಲೆಂಡಿನ ಹೇಗ್ ನಗರದಲ್ಲಿ ಆಕೆ ನಿಧನಹೊಂದಿದಳು. ಐವತ್ತು ತುಂಬಲು ಇಪ್ಪತ್ತೇ ದಿನಗಳು ಉಳಿದಿದ್ದವು. ಬಳಿಕ ರಂಗಮಂದಿರವೊಂದರಲ್ಲಿ ಹಂಸನೃತ್ಯದ ಸಂಗೀತ ಮೊಳಗಿದಾಗ, ಬರಿದಾದ ರಂಗದ ಮೇಲೆ ದೀಪದ ಬೆಳಕು ಮಾತ್ರ ಬಿದ್ದಿತು. ನರ್ತಿಸುವವರು ಯಾರೂ ಇರಲಿಲ್ಲ. ಆದರೂ ಸಭಿಕರ ಕಣ್ಣಿಗೆ ಹಂಸ ಕಾಣಿಸದಿರಲಿಲ್ಲ. ಯೋಗ್ಯಳಲ್ಲವೆಂದು ಒಮ್ಮೆ ಬಾಗಿಲಿನಿಂದಲೇ ಹಿಂದಿರುಗಿದ ಬಾಲೆ, ತನ್ನ ಕಲೆಯನ್ನು ಲೋಕದ ಬಾಗಿಲು ಬಾಗಿಲಿಗೂ ಕೊಂಡೊಯ್ದಿದ್ದಳು.