ತಿರುಮಲೈ ಕೃಷ್ಣಮಾಚಾರ್ಯ

ತಿರುಮಲೈ ಕೃಷ್ಣಮಾಚಾರ್ಯ (ನವೆಂಬರ್ 18, 1888 – ಫೆಬ್ರವರಿ 28, 1989) ಅವರು ಯೋಗಾಚಾರ್ಯರು, ಸಂಸ್ಕೃತ ವಿದ್ವಾಂಸರು ಹಾಗೂ ಕನ್ನಡದಲ್ಲಿ ಯೋಗಗ್ರಂಥಗಳನ್ನು ರಚಿಸಿದ ಲೇಖಕರು. ಇಪ್ಪತ್ತನೆಯ ಶತಮಾನದಲ್ಲಿ ಯೋಗಾಸನಗಳನ್ನು ವ್ಯಾಯಾಮ ಶಿಕ್ಷಣವಾಗಿಯೂ ರೋಗಿಗಳ ಪುನಶ್ಚೇತನದ ಸಾಧನವಾಗಿಯೂ ರೂಪಿಸಿದವರಲ್ಲಿ ಇವರು ಪ್ರಮುಖರು. ಬಿ. ಕೆ. ಎಸ್. ಅಯ್ಯಂಗಾರ್, ಹಾಸನ ಸಮೀಪದ ಕೌಶಿಕ ಗ್ರಾಮದ ಕೆ. ಪಟ್ಟಾಭಿ ಜೋಯಿಸ್, ಇಂದ್ರಾ ದೇವಿ ಮತ್ತು ಪುತ್ರ ಟಿ. ಕೆ. ವಿ. ದೇಶಿಕಾಚಾರ್ ಇವರ ಪ್ರಸಿದ್ಧ ಶಿಷ್ಯರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಕೃಷ್ಣಮಾಚಾರ್ಯರು ಅಂದಿನ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಶ್ರೀವೈಷ್ಣವ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಶ್ರೀನಿವಾಸ ತಾತಾಚಾರ್ಯರು ವೇದಾಧ್ಯಾಪಕರು, ತಾಯಿ ರಂಗನಾಯಕಮ್ಮ. ಮಗನಿಗೆ ಸಂಸ್ಕೃತದ ಮೊದಲ ಪಾಠಗಳನ್ನೂ ಕೆಲವು ಆಸನಗಳನ್ನೂ ಹೇಳಿಕೊಟ್ಟವರು ತಂದೆಯೇ. ಕೃಷ್ಣಮಾಚಾರ್ಯರಿಗೆ ಹತ್ತು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅನಂತರ ಕುಟುಂಬವು ಮೈಸೂರಿಗೆ ಬಂದು ನೆಲೆಸಿತು. ಅಲ್ಲಿ ಪರಕಾಲ ಮಠದ ಆಶ್ರಯದಲ್ಲಿ ಅವರ ಶಾಸ್ತ್ರಾಧ್ಯಯನ ಮುಂದುವರಿಯಿತು. ಮುಂದೆ ಕಾಶಿಗೆ ತೆರಳಿ ವ್ಯಾಕರಣ, ತರ್ಕ ಮೊದಲಾದ ಶಾಸ್ತ್ರಗಳನ್ನು ಅಭ್ಯಾಸ ಮಾಡಿದರು.

ಹಿಮಾಲಯದಾಚೆಯ ಮಾನಸ ಸರೋವರದ ಬಳಿ ರಾಮಮೋಹನ ಬ್ರಹ್ಮಚಾರಿ ಎಂಬ ಗುರುಗಳಲ್ಲಿ ಸುಮಾರು ಏಳೂವರೆ ವರ್ಷ ಯೋಗವನ್ನು ಕಲಿತರೆಂದು ಅವರ ಜೀವನ ಚರಿತ್ರೆಗಳು ಹೇಳುತ್ತವೆ. ಗೃಹಸ್ಥರಾಗಿದ್ದು ಯೋಗವನ್ನು ಬೋಧಿಸಬೇಕೆಂಬುದೇ ಆ ಗುರುಗಳು ಕೇಳಿದ ದಕ್ಷಿಣೆ ಎಂಬ ನಂಬಿಕೆ ಅವರ ಶಿಷ್ಯ ಪರಂಪರೆಯಲ್ಲಿದೆ.

ಹಾಸನದ ದಿನಗಳು

1925ರಲ್ಲಿ ಕೃಷ್ಣಮಾಚಾರ್ಯರು ನಾಮಗಿರಿಯಮ್ಮ ಅವರನ್ನು ವಿವಾಹವಾದರು. ಇವರು ಮುಂದೆ ಯೋಗಾಚಾರ್ಯರಾಗಿ ಹೆಸರಾದ ಬಿ. ಕೆ. ಎಸ್. ಅಯ್ಯಂಗಾರ್ ಅವರ ಅಕ್ಕ. ಆ ಕಾಲದಲ್ಲಿ ಯೋಗಬೋಧನೆಯಿಂದ ಜೀವನ ನಡೆಸುವುದು ಸಾಧ್ಯವಿರಲಿಲ್ಲ. ಸಂಸಾರ ನಿರ್ವಹಣೆಗಾಗಿ ಅವರು ಹಾಸನ ಜಿಲ್ಲೆಯ ಕಾಫಿ ತೋಟದಲ್ಲಿ ಮೇಲ್ವಿಚಾರಣೆಯ ಕೆಲಸಕ್ಕೆ ಸೇರಿದರು. ಬಿಡುವಿನ ದಿನಗಳಲ್ಲಿ ಊರುಗಳಿಗೆ ಹೋಗಿ ಯೋಗದ ಬಗ್ಗೆ ಉಪನ್ಯಾಸ ನೀಡಿ, ಆಸನಗಳನ್ನು ಮಾಡಿ ತೋರಿಸುತ್ತಿದ್ದರು. ಕಠಿಣ ಆಸನಗಳ ಜೊತೆಗೆ ಭಾರ ಎತ್ತುವುದು, ನಾಡಿಬಡಿತವನ್ನು ನಿಲ್ಲಿಸಿದಂತೆ ತೋರಿಸುವುದು ಮೊದಲಾದವು ಅವರ ಪ್ರದರ್ಶನಗಳಲ್ಲಿದ್ದವು. ಯೋಗವೆಂದರೆ ಸನ್ಯಾಸಿಗಳಿಗೆ ಸೇರಿದ್ದು ಎಂದು ತಿಳಿದಿದ್ದ ಜನರ ಗಮನ ಸೆಳೆಯಲು ಇವು ನೆರವಾದವು.

1927ರಲ್ಲಿ ಹಾಸನದ ಜ್ಯೂಬಿಲಿ ಹಾಲ್‌ನಲ್ಲಿ ಇಂತಹ ಒಂದು ಪ್ರದರ್ಶನ ನಡೆಯಿತು. ಪ್ರೇಕ್ಷಕರಲ್ಲಿ ಕೌಶಿಕ ಗ್ರಾಮದ ಹನ್ನೆರಡು ವರ್ಷದ ಬಾಲಕ ಪಟ್ಟಾಭಿ ಜೋಯಿಸ್ ಇದ್ದರು. ಮರುದಿನವೇ ಅವರು ಕೃಷ್ಣಮಾಚಾರ್ಯರ ಮನೆಗೆ ಹೋಗಿ ಶಿಷ್ಯನಾಗಿ ಸ್ವೀಕರಿಸುವಂತೆ ಕೇಳಿಕೊಂಡರು. ಮನೆಯವರಿಗೆ ತಿಳಿಸದೆಯೇ ಸುಮಾರು ಎರಡು ವರ್ಷ ಅವರಲ್ಲಿ ಅಭ್ಯಾಸ ಮಾಡಿದರು. ಬಳಿಕ ಗುರುಗಳು ಹಾಸನವನ್ನು ಬಿಟ್ಟರು. ಜೋಯಿಸ್ ಸಂಸ್ಕೃತ ಕಲಿಯಲೆಂದು 1930ರಲ್ಲಿ ಮೈಸೂರಿಗೆ ಹೋದರು. ಅಲ್ಲಿ ಗುರುಶಿಷ್ಯರು ಮತ್ತೆ ಭೇಟಿಯಾದರು. ಮುಂದೆ ಜೋಯಿಸ್ ಅವರ ಮೂಲಕ ಪ್ರಪಂಚದಾದ್ಯಂತ ಹರಡಿದ ಅಷ್ಟಾಂಗ ವಿನ್ಯಾಸ ಯೋಗದ ಆರಂಭ ಹಾಸನದ ಈ ಭೇಟಿಯಲ್ಲಿದೆ.

ಮೈಸೂರು ಯೋಗಶಾಲೆ

ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಕೃಷ್ಣಮಾಚಾರ್ಯರ ವಿದ್ವತ್ತನ್ನು ಗುರುತಿಸಿ ಆಶ್ರಯ ನೀಡಿದರು. 1933ರಲ್ಲಿ ಜಗನ್ಮೋಹನ ಅರಮನೆಯ ಆವರಣದಲ್ಲಿ ಅವರಿಗಾಗಿ ಯೋಗಶಾಲೆ ಆರಂಭವಾಯಿತು. ಅರಸು ಮನೆತನದ ಹುಡುಗರು ಹಾಗೂ ಇತರ ವಿದ್ಯಾರ್ಥಿಗಳು ಇಲ್ಲಿ ಕಲಿಯುತ್ತಿದ್ದರು. ಯೋಗದ ಪ್ರಚಾರಕ್ಕಾಗಿ ಗುರುಶಿಷ್ಯರು ನಾಡಿನ ಬೇರೆ ಬೇರೆ ಊರುಗಳಲ್ಲಿ ಪ್ರದರ್ಶನಗಳನ್ನು ನೀಡಿದರು.

ಎಳೆಯರಿಗೆ ಕಲಿಸಬೇಕಾಗಿದ್ದುದರಿಂದ ಇಲ್ಲಿನ ಅಭ್ಯಾಸ ಚುರುಕಾಗಿತ್ತು. ಒಂದು ಆಸನದಿಂದ ಇನ್ನೊಂದಕ್ಕೆ ಉಸಿರಾಟದ ಲಯಕ್ಕೆ ಹೊಂದಿಕೊಂಡು ಸಾಗುವ ವಿನ್ಯಾಸ ಕ್ರಮವು ಈ ಅವಧಿಯ ಬೋಧನೆಯಲ್ಲಿ ಎದ್ದುಕಾಣುತ್ತದೆ. 1934ರಲ್ಲಿ ಅಯ್ಯಂಗಾರ್ ಅವರು ಮೈಸೂರಿಗೆ ಬಂದು ಭಾವನವರಲ್ಲಿ ಯೋಗ ಕಲಿಯತೊಡಗಿದರು. ಬಾಲ್ಯದ ಕಾಯಿಲೆಗಳಿಂದ ಕೃಶರಾಗಿದ್ದ ಅವರು 1937ರಲ್ಲಿ ಯೋಗ ಶಿಕ್ಷಕರಾಗಿ ಪುಣೆಗೆ ತೆರಳಿದರು. ಗುರುಗಳ ಶಿಸ್ತು ಅತ್ಯಂತ ಕಠೋರವಾಗಿತ್ತೆಂದು ಅಯ್ಯಂಗಾರ್ ಅವರು ಮುಂದೆ ಸ್ಮರಿಸಿಕೊಂಡಿದ್ದಾರೆ. ರೀಗಾ ನಗರದಲ್ಲಿ ಜನಿಸಿದ ಇಂದ್ರಾ ದೇವಿ ಅವರನ್ನು ಕೃಷ್ಣಮಾಚಾರ್ಯರು ಮೊದಲು ನಿರಾಕರಿಸಿದರೂ ಮಹಾರಾಜರ ಮಾತಿನ ಮೇರೆಗೆ ಶಿಷ್ಯೆಯಾಗಿ ಸ್ವೀಕರಿಸಿದರು. ಇಂದ್ರಾ ದೇವಿ ಮುಂದೆ ಅಮೆರಿಕದ ಹಾಲಿವುಡ್‌ನಲ್ಲಿ ಯೋಗ ಕೇಂದ್ರವನ್ನು ತೆರೆದರು.

1940ರಲ್ಲಿ ನಾಲ್ವಡಿಯವರು ನಿಧನರಾದರು. ಸ್ವಾತಂತ್ರ್ಯಾನಂತರ ಅರಮನೆಯ ಆಶ್ರಯ ಕೊನೆಗೊಂಡು, 1950ರಲ್ಲಿ ಯೋಗಶಾಲೆ ಮುಚ್ಚಿತು. ಅರವತ್ತು ದಾಟಿದ್ದ ಕೃಷ್ಣಮಾಚಾರ್ಯರು ಮತ್ತೆ ಹೊಸದಾಗಿ ಜೀವನೋಪಾಯವನ್ನು ಹುಡುಕಬೇಕಾಯಿತು.

ಮದ್ರಾಸಿನಲ್ಲಿ ಚಿಕಿತ್ಸೆ ಮತ್ತು ಬೋಧನೆ

ಪಾರ್ಶ್ವವಾಯು ಪೀಡಿತರಾಗಿದ್ದ ನ್ಯಾಯವಾದಿಯೊಬ್ಬರ ಚಿಕಿತ್ಸೆಗೆ ಬಂದ ಕರೆಯ ಮೇರೆಗೆ ಕೃಷ್ಣಮಾಚಾರ್ಯರು 1952ರಲ್ಲಿ ಮದ್ರಾಸಿಗೆ ಹೋದರು. ಮುಂದೆ ಅಲ್ಲಿಯೇ ನೆಲೆಸಿ ವಿವೇಕಾನಂದ ಕಾಲೇಜಿನಲ್ಲಿಯೂ ಯೋಗವನ್ನು ಬೋಧಿಸಿದರು. ಮೈಸೂರಿನಲ್ಲಿ ಆರೋಗ್ಯವಂತ ಹುಡುಗರು ಹೆಚ್ಚಾಗಿ ಅವರ ಮುಂದಿದ್ದರೆ, ಮದ್ರಾಸಿನಲ್ಲಿ ವೃದ್ಧರು, ಮಹಿಳೆಯರು ಹಾಗೂ ದೀರ್ಘಕಾಲದ ಕಾಯಿಲೆಯವರು ಬರತೊಡಗಿದರು. ಅದಕ್ಕೆ ತಕ್ಕಂತೆ ಬೋಧನಾ ಕ್ರಮವೂ ಬದಲಾಯಿತು. ರೋಗಿಯ ನಾಡಿಯನ್ನು ನೋಡಿ, ವಯಸ್ಸು, ಉದ್ಯೋಗ, ಆಹಾರ ಮತ್ತು ಉಸಿರಾಟವನ್ನು ಗಮನಿಸಿ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಅಭ್ಯಾಸವನ್ನು ನಿರ್ಧರಿಸುತ್ತಿದ್ದರು. ಅಗತ್ಯವಿದ್ದಲ್ಲಿ ಆಸನಗಳನ್ನು ಸರಳಗೊಳಿಸಿ, ಪ್ರಾಣಾಯಾಮಕ್ಕೆ ಹೆಚ್ಚಿನ ಸ್ಥಾನ ನೀಡುತ್ತಿದ್ದರು. ದೇಹವನ್ನು ಆಸನಕ್ಕೆ ಒಗ್ಗಿಸುವುದಕ್ಕಿಂತ ಆಸನವನ್ನು ವ್ಯಕ್ತಿಗೆ ಹೊಂದಿಸಬೇಕೆಂಬುದು ಈ ಅವಧಿಯ ಮುಖ್ಯ ತತ್ತ್ವ.

ಎಂಜಿನಿಯರಿಂಗ್ ಪದವೀಧರರಾಗಿದ್ದ ಪುತ್ರ ದೇಶಿಕಾಚಾರ್ ಈ ಚಿಕಿತ್ಸಾಕ್ರಮದಿಂದ ಪ್ರಭಾವಿತರಾಗಿ ತಂದೆಯ ಶಿಷ್ಯರಾದರು. ಅವರು 1976ರಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರವನ್ನು ಸ್ಥಾಪಿಸಿದರು.

ವೈಜ್ಞಾನಿಕ ಪರೀಕ್ಷೆಗಳು

1930ರ ದಶಕದ ಮಧ್ಯಭಾಗದಲ್ಲಿ ಫ್ರಾನ್ಸಿನ ಹೃದ್ರೋಗ ತಜ್ಞೆ ತೆರೇಸ್ ಬ್ರಾಸ್ ಭಾರತಕ್ಕೆ ಬಂದು ಯೋಗಾಭ್ಯಾಸಿಗಳ ಹೃದಯ ಚಟುವಟಿಕೆಯನ್ನು ಇ.ಸಿ.ಜಿ. ಯಂತ್ರದಿಂದ ದಾಖಲಿಸಿದರು. ಪರೀಕ್ಷೆಗೆ ಒಳಗಾದವರಲ್ಲಿ ಕೃಷ್ಣಮಾಚಾರ್ಯರೂ ಒಬ್ಬರು. ಯೋಗಿಗಳು ಹೃದಯವನ್ನು ಇಚ್ಛಾನುಸಾರ ನಿಯಂತ್ರಿಸಬಲ್ಲರು ಎಂಬ ವಾದಕ್ಕೆ ಈ ದಾಖಲೆಗಳು ಬಹುಕಾಲ ಆಧಾರವಾಗಿದ್ದವು.

ಇದೇ ವಿಷಯವನ್ನು ಎಂ. ಎ. ವೆಂಗರ್, ಬಿ. ಕೆ. ಬಾಗ್ಚಿ ಮತ್ತು ಬಿ. ಕೆ. ಆನಂದ್ ಮತ್ತೆ ಪರಿಶೀಲಿಸಿ 1961ರಲ್ಲಿ ವರದಿ ಪ್ರಕಟಿಸಿದರು. ಈ ಅಧ್ಯಯನದಲ್ಲಿಯೂ ಕೃಷ್ಣಮಾಚಾರ್ಯರು ಪಾಲ್ಗೊಂಡಿದ್ದರು. ಉಸಿರನ್ನು ಬಿಗಿಹಿಡಿದು ಎದೆ ಮತ್ತು ಹೊಟ್ಟೆಯ ಸ್ನಾಯುಗಳನ್ನು ಸಂಕುಚಿಸಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಇದರಿಂದ ನಾಡಿ ಕೈಗೆ ಸಿಗದಂತಾಗಿ, ಹೃದಯದ ಶಬ್ದವೂ ಮರೆಯಾಗಬಹುದು. ಆದರೆ ಇ.ಸಿ.ಜಿ.ಯಲ್ಲಿ ಹೃದಯ ಬಡಿಯುತ್ತಲೇ ಇರುವುದು ಕಂಡುಬಂದಿತು. ಹೃದಯ ನಿಲ್ಲುತ್ತದೆಂಬ ನಂಬಿಕೆಗೆ ಇದರಿಂದ ಶಾರೀರಿಕ ವಿವರಣೆ ದೊರೆಯಿತು.

ಕೃತಿಗಳು

ಕೃಷ್ಣಮಾಚಾರ್ಯರ 'ಯೋಗ ಮಕರಂದ' (1934) ಮತ್ತು 'ಯೋಗಾಸನಗಳು' (1941) ಕನ್ನಡದಲ್ಲಿ ರಚಿತವಾದವು. ಎರಡನೆಯ ಕೃತಿಯಲ್ಲಿ ಆಸನಗಳನ್ನು ಅಭ್ಯಾಸಿಯ ಮಟ್ಟಕ್ಕೆ ಅನುಗುಣವಾಗಿ ಮೂರು ವರ್ಗಗಳಾಗಿ ಪಟ್ಟಿಮಾಡಲಾಗಿದೆ. 'ಯೋಗ ರಹಸ್ಯ' ಎಂಬ ಸಂಸ್ಕೃತ ಕೃತಿಯು ಪೂರ್ವಾಚಾರ್ಯ ನಾಥಮುನಿಗಳಿಂದ ತಮಗೆ ಧ್ಯಾನಾವಸ್ಥೆಯಲ್ಲಿ ದೊರೆಯಿತೆಂದು ಅವರು ಹೇಳುತ್ತಿದ್ದರು. ಅದು ಅವರದೇ ರಚನೆಯಿರಬಹುದೆಂಬುದು ಕೆಲವು ವಿದ್ವಾಂಸರ ಅಭಿಪ್ರಾಯ.

ಚರ್ಚೆಗಳು

ಕೃಷ್ಣಮಾಚಾರ್ಯರು ಬೋಧಿಸಿದ ಕ್ರಮ ಎಷ್ಟು ಪ್ರಾಚೀನವೆಂಬುದು ಚರ್ಚೆಗೆ ಒಳಗಾಗಿದೆ. ಮೈಸೂರು ಅರಮನೆಯ ಯೋಗ ಪರಂಪರೆಯನ್ನು ಅಧ್ಯಯನ ಮಾಡಿದ ಎನ್. ಇ. ಸ್ಜೋಮನ್ ಅವರು 1996ರ ತಮ್ಮ ಗ್ರಂಥದಲ್ಲಿ, ಅರಮನೆಯಲ್ಲಿ ರೂಢಿಯಲ್ಲಿದ್ದ ಕುಸ್ತಿ ಮತ್ತು ಜಿಮ್ನಾಸ್ಟಿಕ್ಸ್ ವ್ಯಾಯಾಮಗಳ ಪ್ರಭಾವ ಇದರಲ್ಲಿದೆ ಎಂದು ವಾದಿಸಿದ್ದಾರೆ. ಶಿಷ್ಯ ಪರಂಪರೆಯು ಇದನ್ನು ಗುರುಗಳಿಂದ ಬಂದ ಪ್ರಾಚೀನ ವಿದ್ಯೆಯೆಂದೇ ಪರಿಗಣಿಸುತ್ತದೆ. ಶಿಷ್ಯರ ಪದ್ಧತಿಗಳು ಒಂದಕ್ಕೊಂದು ಭಿನ್ನವಾಗಿರುವುದಕ್ಕೆ, ಅವರು ಗುರುಗಳ ಜೀವನದ ಬೇರೆ ಬೇರೆ ಘಟ್ಟಗಳಲ್ಲಿ ಕಲಿತದ್ದು ಒಂದು ಕಾರಣ. ಜೋಯಿಸ್ ಅವರ ಕ್ರಮದಲ್ಲಿ ಹಾಸನ ಮತ್ತು ಮೈಸೂರಿನ ದಿನಗಳ ಚುರುಕು ಉಳಿದಿದ್ದರೆ, ದೇಶಿಕಾಚಾರ್ ಅವರಲ್ಲಿ ಮದ್ರಾಸಿನ ಚಿಕಿತ್ಸಾ ದೃಷ್ಟಿ ಪ್ರಧಾನವಾಗಿದೆ.

ಕೊನೆಯ ದಿನಗಳು

ತೊಂಬತ್ತಾರನೆಯ ವಯಸ್ಸಿನಲ್ಲಿ ಕೃಷ್ಣಮಾಚಾರ್ಯರ ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯನ್ನು ಒಪ್ಪದೆ, ಮಲಗಿದ್ದಲ್ಲಿಯೇ ಮಾಡಬಹುದಾದ ಅಭ್ಯಾಸಗಳನ್ನು ತಮಗಾಗಿ ತಾವೇ ರೂಪಿಸಿಕೊಂಡರು. ಕೊನೆಯವರೆಗೂ ಪಾಠ ಹೇಳುವುದನ್ನು ಬಿಡಲಿಲ್ಲ. 1989ರ ಫೆಬ್ರವರಿ 28ರಂದು ಮದ್ರಾಸಿನಲ್ಲಿ, ನೂರು ವರ್ಷಗಳನ್ನು ಪೂರೈಸಿದ್ದ ಅವರು ನಿಧನರಾದರು.